ಗೌರಮ್ಮನಿಗೆ ಹತ್ತಿದ ದೀಪ

ಪೇಸ್‌ಮೇಕರ್ ಹಾಕಿಸಿಕೊಂಡವರು ಒಬ್ಬರಿಗೊಬ್ಬರು ಎದುರಾದಾಗ ಊಟ ಆಯ್ತಾ ಅಂತ ಕೇಳುವುದಿಲ್ಲ. ‘ನಿಮ್ದು ಇನ್ನೆಷ್ಟು ವರ್ಷ?’ ಅಂತ ಕೇಳುತ್ತಾರೆ. ಹೊಸಬರಿಗೆ ಈ ಪ್ರಶ್ನೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಅವರು ವಿಚಾರಿಸುತ್ತಿರುವುದು ಬ್ಯಾಟರಿಯನ್ನು, ಆಯಸ್ಸನ್ನಲ್ಲ ಎಂದು ಅರ್ಥವಾಗಲು ನನಗೂ ಒಂದೆರಡು ಸಲ ಬೇಕಾಯಿತು.

ತುಮಕೂರಿನ ಆಸ್ಪತ್ರೆಯ ಮೊದಲ ಮಹಡಿಯಲ್ಲಿ ನಮ್ಮಂಥವರನ್ನು ತಪಾಸಣೆಗೆ ಕೂರಿಸುವ ಒಂದು ಉದ್ದನೆಯ ಪಡಸಾಲೆ ಇದೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಎದೆಯ ಮೇಲೆ ಒಂದು ಚಪ್ಪಟೆ ಯಂತ್ರ ಇಟ್ಟು, ಬ್ಯಾಟರಿ ಇನ್ನೆಷ್ಟು ಉಳಿದಿದೆ ಎಂದು ಪರದೆಯಲ್ಲಿ ನೋಡಿ ಹೇಳುತ್ತಾರೆ. ಹೊರಗೆ ಬರುವವರ ಮುಖ ನೋಡಿದರೆ ಸಾಕು, ಉತ್ತರ ಏನಿತ್ತು ಅಂತ ಗೊತ್ತಾಗುತ್ತದೆ. ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ಹೂವಿನಂಗಡಿ ಇಟ್ಟುಕೊಂಡಿರುವ ಶಿವಣ್ಣ ಅನ್ನುವವನು ಒಂದು ದಿನ ಹೀಗೆ ಒಳಗಿನಿಂದ ಬಂದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ನನ್ನ ಪಕ್ಕ ಕೂತ.

‘ಮೇಷ್ಟ್ರೇ, ನಂದು ನಿಮ್ದಕ್ಕಿಂತ ಜಾಸ್ತಿ ಐತೆ ಕಣ್ರೀ! ನಿಮಗಿಂತ ಮುಂಚೆ ಹಾಕ್ಸಿದ್ದು. ಆದ್ರೂ ಖರ್ಚೇ ಆಗಿಲ್ವಂತೆ.’

ಅವನ ಹೃದಯ ನಡುನಡುವೆ ತನ್ನ ಪಾಡಿಗೆ ತಾನೇ ಬಡಿದುಕೊಳ್ಳುತ್ತದಂತೆ. ಆಗೆಲ್ಲ ಯಂತ್ರಕ್ಕೆ ವಿಶ್ರಾಂತಿ. ನನ್ನದು ಪೂರ್ತಿ ಸೋಮಾರಿ, ಪ್ರತಿಯೊಂದು ಬಡಿತಕ್ಕೂ ಯಂತ್ರವೇ ಎಬ್ಬಿಸಬೇಕು. ‘ಒಳ್ಳೇದಾಯ್ತು ಬಿಡಿ ಶಿವಣ್ಣ’ ಅಂದೆ. ಒಳಗೆ ಮಾತ್ರ ಹೊಟ್ಟೆಗೆ ಮೆಣಸಿನಕಾಯಿ ಅರೆದು ಹಾಕಿದಂತೆ ಉರಿಯುತ್ತಿತ್ತು.

ಈಗ ಇದನ್ನು ಬರೆಯಲು ಕೂತಾಗ, ನನ್ನಂಥವರಿಗೆ ನಾಲ್ಕು ಧೈರ್ಯದ ಮಾತು ಬರೀರಿ ಅಂತ ಹೇಳಿದವರಿದ್ದಾರೆ. ಧೈರ್ಯ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಖಾಯಿಲೆ ಬಿದ್ದವನ ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಅದು ಬಂತು, ಇನ್ನೂ ಹೋಗಿಲ್ಲ. ಬಸ್ಸಿಗೆ ಓಡಿ ಹತ್ತುವವರನ್ನು ಕಂಡರೆ, ಎಡಗೈ ಎತ್ತಿ ತಲೆ ಬಾಚಿಕೊಳ್ಳುವವರನ್ನು ಕಂಡರೆ, ಯಾವುದೋ ಹಾಳು ವಿಷಯಕ್ಕೆ ಜಗಳವಾಡುತ್ತಾ ಎದೆ ಎದೆ ಬಡಿದುಕೊಳ್ಳುವವರನ್ನು ಕಂಡರೂ ನನಗೆ ಹೊಟ್ಟೆಯುರಿ. ನಿಮಗೂ ಹಾಗೆ ಆಗುತ್ತಿದ್ದರೆ ನೀವೊಬ್ಬರೇ ಅಲ್ಲ ಅಂತ ಹೇಳುವುದಕ್ಕಾದರೂ ಇದನ್ನು ಬರೆಯಬೇಕು.

ನಾನು ಗುಬ್ಬಿಯವನು. ಹಾರ್ಮೋನಿಯಂ ಮೇಷ್ಟ್ರು. ನಮ್ಮ ಕಡೆ ಹಳ್ಳಿಗಳಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ ಪೌರಾಣಿಕ ನಾಟಕ ಕಟ್ಟುತ್ತಾರೆ. ತೋಟದವರು, ಡೈರಿಯವರು, ಗ್ರಾಮ ಪಂಚಾಯ್ತಿ ಮೆಂಬರು, ಎಲ್ಲರೂ ಪಾತ್ರ ಹಿಡಿಯುತ್ತಾರೆ. ಅವರಿಗೆ ಮಾತು, ಹಾಡು ಕಲಿಸಿ, ಕೊನೆಗೆ ರಂಗದ ಪಕ್ಕ ಕೂತು ಹಾರ್ಮೋನಿಯಂ ನುಡಿಸುವುದು ನನ್ನ ಕಸುಬು. ಬಲಗೈ ಸ್ವರದ ಮನೆಗಳ ಮೇಲೆ, ಎಡಗೈ ಗಾಳಿ ತುಂಬುವ ತಿದಿಯ ಮೇಲೆ. ಜನ ಬಲಗೈಯನ್ನು ಹೊಗಳುತ್ತಾರೆ. ಆದರೆ ತಿದಿ ಒತ್ತುವ ಎಡಗೈ ನಿಂತರೆ ಬಲಗೈ ಎಷ್ಟು ಕುಣಿದರೂ ಪೆಟ್ಟಿಗೆ ಮೂಕ. ಕಾಲಿನಿಂದ ತುಳಿಯುವ ಹಾರ್ಮೋನಿಯಂ ನನಗೆ ಒಗ್ಗಲಿಲ್ಲ, ಕಲಿತಿದ್ದೂ ಕೈಯದು, ಕಲಿಸಿದ್ದೂ ಕೈಯದೇ.

ನಾನು ಬಿದ್ದದ್ದು ಸಿ.ಎಸ್. ಪುರದ ಹತ್ತಿರದ ಒಂದು ಹಳ್ಳಿಯಲ್ಲಿ, ಸಂಜೆ ಪ್ರಾಕ್ಟೀಸಿನಲ್ಲಿ. ಅದಕ್ಕೆ ಮುಂಚೆ ಕೆಲವು ವಾರಗಳಿಂದ ತಲೆ ಸುತ್ತುತ್ತಿತ್ತು. ಗ್ಯಾಸ್ ಅಂತ ನಾನೇ ತೀರ್ಮಾನ ಮಾಡಿ ಜೀರಿಗೆ ನೀರು ಕುಡಿಯುತ್ತಿದ್ದೆ. ಆವತ್ತು ನಾಟಕ ಕಮಿಟಿಯ ಯಜಮಾನ ಕೆಂಪರಾಜಣ್ಣ ರಾಜನ ಪಾತ್ರದ ಹಾಡು ಹೇಳುತ್ತಿದ್ದರು. ದೊಡ್ಡ ಗಂಟಲು, ಶ್ರುತಿ ಮಾತ್ರ ಅವರು ಇಟ್ಟದ್ದೇ ಲೆಕ್ಕ. ಯಾರಾದರೂ ಅಪಸ್ವರ ಹಾಡಿದರೆ ನಾನು ತಿದಿ ಬಿಟ್ಟು ಸುಮ್ಮನೆ ತಲೆ ತಗ್ಗಿಸಿ ಕೂರುವುದು ಎಲ್ಲರಿಗೂ ಗೊತ್ತಿದ್ದ ಅಭ್ಯಾಸ. ಆ ಸಂಜೆ ಹಾಡಿನ ನಡುವೆ ಹಾರ್ಮೋನಿಯಂ ನಿಂತಿತು, ನನ್ನ ತಲೆ ಪೆಟ್ಟಿಗೆಯ ಮೇಲೆ ಬಗ್ಗಿತು. ಕೆಂಪರಾಜಣ್ಣ ತಾನು ತಪ್ಪಿದೆ ಅಂದುಕೊಂಡು, ಗಂಟಲು ಸರಿಮಾಡಿಕೊಂಡು, ಅದೇ ಹಾಡನ್ನು ಮೊದಲಿನಿಂದ ಮತ್ತೆ ಹಾಡಿದರಂತೆ. ನನಗೆ ಪ್ರಜ್ಞೆಯೇ ಇರಲಿಲ್ಲ.

‘ಎರಡ್ನೇ ಸಲ ಚೆನ್ನಾಗೇ ಹಾಡ್ದೆ ಮೇಷ್ಟ್ರೇ’ ಅಂತ ಆಮೇಲೆ ಆಸ್ಪತ್ರೆಗೆ ಬಂದಾಗ ಹೇಳಿದರು. ‘ಆದ್ರೂ ನೀವು ತಲೆ ಎತ್ಲಿಲ್ಲ. ಆಗ್ಲೇ ಅನುಮಾನ ಬಂತು ನನಗೆ.’

ನನ್ನನ್ನು ಕಾರಿಗೆ ಹಾಕಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ತಂದವನು ಮಂಜ. ನನ್ನ ಶಿಷ್ಯ. ಚಿಕ್ಕಂದಿನಿಂದ ನನ್ನ ಮನೆಯ ಚಾಪೆಯ ಮೇಲೆ ಕೂತು ಸರಿಗಮ ಕಲಿತವನು, ಈಗ ಮೂವತ್ತರ ಆಜುಬಾಜು. ಇವನ ಹೆಸರು ನೆನಪಿಟ್ಟುಕೊಳ್ಳಿ, ನನ್ನ ಜೀವ ಉಳಿಸಿದವನು ಇವನೇ. ಇವನ ಮೇಲೆ ನನಗಿರುವಷ್ಟು ಹೊಟ್ಟೆಕಿಚ್ಚು ಹಗೆಯ ಮೇಲೂ ಇಲ್ಲ.

ಡಾಕ್ಟರು ‘ಹಾರ್ಟ್ ಬ್ಲಾಕ್’ ಅಂದರು. ಆ ಮಾತು ಕಿವಿಗೆ ಬಿದ್ದ ಕೂಡಲೇ ನೆಂಟರೆಲ್ಲ ನನ್ನ ತುಪ್ಪ, ತೆಂಗಿನಕಾಯಿ, ಬೋಂಡ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ‘ಇದು ನೀರಿನ ಪೈಪ್ ಕಟ್ಕೊಂಡಿರೋದಲ್ಲ, ಕರೆಂಟ್ ಲೈನ್ ಹೋಗಿರೋದು’ ಅಂತ ಡಾಕ್ಟರು ಎಷ್ಟು ಬಿಡಿಸಿ ಹೇಳಿದರೂ ನನ್ನ ಹೆಂಡತಿಯ ತಂಗಿ ಇವತ್ತಿಗೂ ನನಗೆ ಎಣ್ಣೆಯಿಲ್ಲದ ಒಗ್ಗರಣೆ ಹಾಕುತ್ತಾಳೆ. ಎದೆಯಲ್ಲಿ ಯಂತ್ರ ಕೂರಿಸಬೇಕು ಎಂದಾಗ ಮಗ ಗಾಬರಿಯಾಗಿ ಮೊಬೈಲಿನಲ್ಲಿ ಏನೇನೋ ಹುಡುಕಿದ. ಹೆಂಡತಿ ಗೌರಮ್ಮ ಮಾತ್ರ ಡಾಕ್ಟರನ್ನು ಒಂದೇ ಒಂದು ಮಾತು ಕೇಳಿದಳು.

‘ಇವ್ರು ಹಾರ್ಮೋನಿಯಂ ಬಾರಿಸ್ಬೌದಾ ಸಾರ್?’

ನಾನು ಬದುಕುತ್ತೇನೋ ಇಲ್ಲವೋ ಅಂತ ಕೇಳುವುದು ಬಿಟ್ಟು ಇವಳದ್ದೇನು ಅಂತ ಮಲಗಿದಲ್ಲೇ ನನಗೆ ರೇಗಿತು. ಡಾಕ್ಟರು ನಕ್ಕು, ‘ಧಾರಾಳವಾಗಿ. ಒಂದಷ್ಟು ವಾರ ಎಡಗೈ ಭುಜದಿಂದ ಮೇಲೆ ಎತ್ತಬಾರದು, ಅಷ್ಟೇ. ಆಮೇಲೆ ನುಡಿಸಲೇಬೇಕು’ ಅಂದರು. ಆ ‘ಆಮೇಲೆ’ ಅನ್ನುವ ಮಾತು ಅವಳ ಕಿವಿಗೆ ಬಿತ್ತು. ನನ್ನ ಕಿವಿಗೆ ‘ಎತ್ತಬಾರದು’ ಅನ್ನುವುದಷ್ಟೇ ಬಿತ್ತು.

ಆಪರೇಷನ್ನಿನಲ್ಲಿ ಪೂರ್ತಿ ಎಚ್ಚರವಿರುತ್ತದೆ. ಎಡಭುಜದ ಕೆಳಗೆ ಮರಗಟ್ಟಿಸಿ, ಮುಖದ ಮೇಲೆ ಹಸಿರು ಬಟ್ಟೆ ಹೊದಿಸುತ್ತಾರೆ. ನೋವು ಇಲ್ಲ, ಆದರೆ ಯಾರೋ ನಮ್ಮ ಚರ್ಮದೊಳಗೆ ಜೇಬು ಹೊಲಿಯುತ್ತಿರುವುದು ಗೊತ್ತಾಗುತ್ತದೆ. ಡಾಕ್ಟರು ತಮ್ಮ ಸಹಾಯಕನ ಜೊತೆ ತಟ್ಟೆ ಇಡ್ಲಿ ಯಾವ ಹೋಟೆಲಿನದು ಚೆನ್ನ ಅಂತ ಮಾತಾಡುತ್ತಿದ್ದರು. ನನಗೆ ನಡುಕ ಬಂತು. ಒಬ್ಬ ನರ್ಸಮ್ಮ ನನ್ನ ಬಲಗೈ ಹಿಡಿದುಕೊಂಡು, ‘ಏನ್ ಕೆಲಸ ಅಂಕಲ್ ನಿಮ್ದು?’ ಅಂತ ಕೇಳಿದಳು. ಹೇಳಿದೆ. ‘ಹಂಗಾದ್ರೆ ನನ್ನ ಕೈ ಮೇಲೆ ಬಾರಿಸ್ತಾ ಇರಿ’ ಅಂದಳು. ಮುಖ ಕಾಣದ ಆ ಹುಡುಗಿಯ ಅಂಗೈ ಮೇಲೆ ನಾನು ಬೆರಳಾಡಿಸುತ್ತಾ ಮಲಗಿದೆ. ಹೊರಗೆ ತರುವವರೆಗೂ ಅವಳು ಕೈ ತೆಗೆಯಲಿಲ್ಲ. ಆ ದಿನ ನನಗೆ ಸಿಕ್ಕ ದೊಡ್ಡ ಔಷಧಿ ಅದು.

ಆಮೇಲೆ ಕೆಲವು ದಿನ ತುಮಕೂರಿನದೇ ಮರಳೂರಿನಲ್ಲಿ, ಹೆಂಡತಿಯ ತಂಗಿಯ ಮನೆಯಲ್ಲಿದ್ದೆ. ಎಡಗೈಯನ್ನು ಬಟ್ಟೆಯ ಜೋಲಿಯಲ್ಲಿ ಕುತ್ತಿಗೆಗೆ ಕಟ್ಟಿದ್ದರು. ನೋಡಲು ಬಂದವರೆಲ್ಲ ಎದೆಯ ಗಾಯ ತೋರಿಸಿ ಅನ್ನುವವರೇ. ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬು ಕಂಡು, ‘ಅಯ್ಯೋ ಇಷ್ಟೇನಾ!’ ಅಂತ ನಿರಾಸೆಯಿಂದ ಹೋಗುತ್ತಿದ್ದರು.

ಡಾಕ್ಟರು ಹೇಳಿದ ವಾರಗಳು ಕಳೆದವು. ಜೋಲಿ ಬಿಚ್ಚಿದರು. ನಾನು ಕೈಯನ್ನು ಬಿಚ್ಚಲಿಲ್ಲ. ಯಂತ್ರದಿಂದ ಹೊರಟ ತಂತಿ ಭುಜದ ಮೂಳೆಯ ಕೆಳಗೆ ಹಾದು ಹೃದಯಕ್ಕೆ ಹೋಗುತ್ತದೆ ಅಂತ ಚಿತ್ರ ಬರೆದು ತೋರಿಸಿದ್ದರು. ಆ ಚಿತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಿದಿ ಒತ್ತಲು ಕೈ ಚಾಚಿದರೆ ಒಳಗೆ ತಂತಿ ಜಗ್ಗುತ್ತದೆ, ಕಿತ್ತು ಬರುತ್ತದೆ ಅನ್ನಿಸುತ್ತಿತ್ತು. ಹಾಗೆ ಆಗಲ್ಲ ಅಂತ ಡಾಕ್ಟರು ಪ್ರತಿ ಸಲವೂ ಹೇಳಿದರು. ಆಡಿಸದೆ ಇಟ್ಟು ಭುಜವೇ ಹಿಡಿದುಕೊಂಡಾಗ ಬೈದರು ಕೂಡ. ಪಕ್ಕದಲ್ಲಿ ಗೌರಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆದರೂ ಊರಿನವರು ವಿಚಾರಿಸಿದಾಗ ನಾನು, ‘ತಿದಿ ಒತ್ತೋದು ಬೇಡ ಅಂದವ್ರೆ ಡಾಕ್ಟ್ರು’ ಅನ್ನುತ್ತಿದ್ದೆ. ಅವಳು ಕಾಫಿ ಲೋಟ ತೆಗೆದುಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಕೆಂಪರಾಜಣ್ಣನ ಹಳ್ಳಿಯ ನಾಟಕವನ್ನು ಆ ವರ್ಷ ಮಂಜ ನಡೆಸಿಕೊಟ್ಟ. ಹಾರ್ಮೋನಿಯಂ ಇಟ್ಟಲ್ಲಿ ಕೀಬೋರ್ಡ್ ಇಟ್ಟುಕೊಂಡು. ಅದಕ್ಕೆ ತಿದಿ ಬೇಡ, ಉಸಿರು ಬೇಡ, ಎಡಗೈಯ ಬೆವರು ಬೇಡ. ಪ್ಲಗ್ಗು ಸಿಕ್ಕಿಸಿದರೆ ಆಯಿತು.

‘ಒಂದ್ ಗುಂಡಿ ಒತ್ತುದ್ರೆ ಕೊಳಲು, ಇನ್ನೊಂದ್ ಒತ್ತುದ್ರೆ ಪಿಟೀಲು ಕಣ್ರೀ ಮೇಷ್ಟ್ರೇ! ಜನ ಸಿಳ್ಳೆ ಹೊಡದ್ರು’ ಅಂತ ಕೆಂಪರಾಜಣ್ಣ ಹಣ್ಣು ತಂದುಕೊಟ್ಟು ವರದಿ ಒಪ್ಪಿಸಿದರು.

ನಾನು ನಾಟಕಕ್ಕೆ ಹೋಗಲಿಲ್ಲ. ಮಂಜನ ದೊಡ್ಡ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ನನ್ನ ಯಂತ್ರಕ್ಕೆ ಆಗಿಬರಲ್ಲ ಅಂತ ಕಾರಣ ಕೊಟ್ಟೆ. ದೂರ ಕೂತರೆ ಏನೂ ಆಗಲ್ಲ ಅಂತ ನನಗೂ ಗೊತ್ತಿತ್ತು. ಮಂಜ ವಾರಕ್ಕೊಮ್ಮೆ ಬಂದು ಕಾಲಿಗೆ ನಮಸ್ಕಾರ ಮಾಡಿ, ‘ಗುರುಗಳೇ, ನೀವ್ ಬಂದ್ ಕುಂತ್ರೆ ಸಾಕು’ ಅನ್ನುತ್ತಿದ್ದ. ಅವನು ಎರಡು ಕೈಯನ್ನೂ ಚಾಚಿ ನಮಸ್ಕಾರ ಮಾಡುವುದನ್ನು ನೋಡಿಯೇ ನನಗೆ ಸಂಕಟವಾಗುತ್ತಿತ್ತು. ಎಷ್ಟು ಸಲೀಸಾಗಿ ಚಾಚುತ್ತಾನೆ!

ಮುಂದಿನ ತಪಾಸಣೆಗೆ ಹೋದಾಗ ಆಸ್ಪತ್ರೆಯ ಪಡಸಾಲೆಯಲ್ಲಿ ಒಬ್ಬ ಹುಡುಗಿ ನಮ್ಮೆಲ್ಲರ ಹತ್ತಿರ ಬಂದು ಮಾತಾಡಿಸುತ್ತಿದ್ದಳು. ಹೆಸರು ಸಹನಾ, ಅಲ್ಲೇ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವವಳು. ನಮ್ಮ ಡಾಕ್ಟರ ಒಪ್ಪಿಗೆ ಪಡೆದು ಬಂದಿದ್ದಳು. ಮನುಷ್ಯ ನಡೆದಾಡುವಾಗ, ಕೆಲಸ ಮಾಡುವಾಗ ಮೈ ಅಲುಗಾಡುತ್ತದಲ್ಲ, ಆ ಅಲುಗಾಟದಿಂದಲೇ ಕರೆಂಟು ತೆಗೆದು ಪೇಸ್‌ಮೇಕರ್ ನಡೆಸಲು ಸಾಧ್ಯವೇ ಅಂತ ಜಗತ್ತಿನಲ್ಲಿ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರಂತೆ. ಹಾಗಾದರೆ ಬ್ಯಾಟರಿ ಮುಗಿಯಿತು ಅಂತ ಎದೆಯನ್ನು ಮತ್ತೆ ಕುಯ್ಯುವ ಕೆಲಸವೇ ಇಲ್ಲ.

ಕೇಳುತ್ತಿದ್ದಂತೆ ನನಗೆ ಹೊಸ ಹೊಟ್ಟೆಕಿಚ್ಚು ಶುರುವಾಯಿತು. ಇನ್ನೂ ಹುಟ್ಟಿಲ್ಲದ, ಹುಟ್ಟಿ ಖಾಯಿಲೆ ಬಿದ್ದಿಲ್ಲದ ಯಾರದೋ ಮೇಲೆ. ಅವರು ಎರಡನೇ ಸಲ ಹಸಿರು ಬಟ್ಟೆಯ ಕೆಳಗೆ ಮಲಗುವುದಿಲ್ಲ. ನಾನು ಮಲಗಲೇಬೇಕು.

‘ನಿಮ್ಮ ಒಳಗಿರೋ ಮಷಿನ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂಕಲ್’ ಅಂತ ಸಹನಾ ಒಂದು ಬನಿಯನ್ ಥರದ ನಡುವಂಗಿ ತೋರಿಸಿದಳು. ಬಲಗಡೆ ಕುತ್ತಿಗೆಯ ಬುಡಕ್ಕೆ ಒಂದು ಪುಟ್ಟ ಜೇಬು, ಅದರಲ್ಲಿ ತೆಳ್ಳನೆಯ ಒಂದು ಪಟ್ಟಿ. ‘ಗ್ಯಾಸ್ ಲೈಟರ್ ಒತ್ತಿದ್ರೆ ಕಿಡಿ ಬರತ್ತಲ್ಲ, ಆ ಥರದ್ದು. ಬಾಗಿದ್ರೆ, ಅದುರಿದ್ರೆ ಒಂಚೂರು ಕರೆಂಟ್ ಬರತ್ತೆ. ಸಾಕಷ್ಟು ಬಂದ್ರೆ ಈ ಹಸಿರು ದೀಪ ಹತ್ತತ್ತೆ. ಯಾವ ಕೆಲಸದಲ್ಲಿ ಎಷ್ಟು ಬರತ್ತೆ ಅಂತ ಇದರಲ್ಲೇ ದಾಖಲಾಗತ್ತೆ, ಆಮೇಲೆ ಅದನ್ನ ನಾವು ನೋಡ್ಬೇಕು. ಅಯಸ್ಕಾಂತ ಇಲ್ಲ, ಭಯ ಬೇಡ.’

‘ಯಡಿಯೂರು ಶಿವಣ್ಣಂಗೂ ಕೊಟ್ಟಿದ್ದೀಯೇನಮ್ಮ?’

‘ಹೂಂ ಅಂಕಲ್, ಹೋದ ವಾರಾನೇ ತಗೊಂಡ್ರು.’

‘ಹಂಗಾದ್ರೆ ನನಗೂ ಕೊಡು’ ಅಂದೆ.

ಆ ದೀಪ ಕುತ್ತಿಗೆಗೆ ಎಷ್ಟು ಹತ್ತಿರ ಇತ್ತೆಂದರೆ, ಹಾಕಿಕೊಂಡವನಿಗೆ ಅದು ಕಾಣುತ್ತಲೇ ಇರಲಿಲ್ಲ. ಕನ್ನಡಿಯ ಮುಂದೆ ನಿಲ್ಲಬೇಕು, ಇಲ್ಲವೇ ಯಾರನ್ನಾದರೂ ಕೇಳಬೇಕು. ಗುಬ್ಬಿಗೆ ಬಂದ ಮೇಲೆ ನನ್ನ ಬಾಯಲ್ಲಿ ಒಂದೇ ಮಾತು. ‘ಹತ್ತಿದೆಯೇನೇ?’ ‘ಇಲ್ಲ ಕಣ್ರೀ.’ ‘ಈಗ?’ ‘ಊಹೂಂ.’ ಬಸ್ ಸ್ಟ್ಯಾಂಡಿನವರೆಗೆ ಬೀಸಾಗಿ ನಡೆದರೆ ಹತ್ತುತ್ತಿತ್ತಂತೆ, ದಾರಿಯಲ್ಲಿ ಸಿಕ್ಕಿದವರು ಹೇಳುತ್ತಿದ್ದರು. ಕೂತರೆ ಆರಿಹೋಗುತ್ತಿತ್ತು. ನಾನೋ ದಿನವಿಡೀ ಕೂತಿರುವವನು. ಮನೆಗೆ ಕಲಿಯಲು ಬರುವ ಮಕ್ಕಳಿಗೆ ಅವರ ಕೈಯಲ್ಲೇ ತಿದಿ ಒತ್ತಿಸಿ, ನಾನು ಬಲಗೈಯಿಂದ ಸ್ವರ ತೋರಿಸುತ್ತಿದ್ದೆ. ಅಷ್ಟಕ್ಕೆಲ್ಲ ದೀಪ ಎಲ್ಲಿ ಹತ್ತೀತು? ಶಿವಣ್ಣ ಫೋನ್ ಮಾಡಿ, ಹೂವಿನ ಮೂಟೆ ಇಳಿಸುವಾಗ ತನ್ನದು ಆರುವುದೇ ಇಲ್ಲ ಅಂದ. ಫೋನಿಟ್ಟು ಆವತ್ತು ಊಟ ಬೇಡ ಅಂದೆ.

ನಡುವಂಗಿ ಹಾಕಿಕೊಂಡರೆ ಮೈ ಕೆರೆಯುತ್ತದೆ ಅಂತ ನೆಪ ತೆಗೆದು, ಬೆಳಗಿನ ಹೊತ್ತು ಅದನ್ನು ಬಿಚ್ಚಿ ಮೊಳೆಗೆ ನೇತುಹಾಕಲು ಶುರುಮಾಡಿದೆ. ಒಂದು ಬೆಳಿಗ್ಗೆ ಕ್ಷೌರಕ್ಕೆ ಅಂತ ಹೊರಟವನು, ಅಂಗಡಿ ಬಾಗಿಲು ಹಾಕಿದ್ದರಿಂದ ಹಾಗೇ ಹಿಂದಕ್ಕೆ ಬಂದೆ. ಅಡುಗೆಮನೆಯಲ್ಲಿ ಗೌರಮ್ಮ ರಾಗಿ ಮುದ್ದೆ ತೊಳಸುತ್ತಿದ್ದಳು. ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ ಎರಡು ಪಾದದ ನಡುವೆ ಅಮುಕಿ ಹಿಡಿದುಕೊಂಡು, ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಿದ್ದಳು. ಭುಜ, ಬೆನ್ನು, ಸೊಂಟ ಎಲ್ಲ ಆ ಕೋಲಿನ ಜೊತೆ ತಿರುಗುತ್ತಿತ್ತು. ಸೀರೆಯ ಮೇಲೆ ನನ್ನ ನಡುವಂಗಿ. ಕುತ್ತಿಗೆಯ ಬುಡದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಮಿಣಕ್ ಮಿಣಕ್ ಅಲ್ಲ, ಒಂದೇ ಸಮನೆ ಉರಿಯುತ್ತಿತ್ತು.

‘ಏನೇ ಇದು?’

ಅವಳು ಬೆಚ್ಚಿದಳು, ಆದರೆ ಕೋಲು ಬಿಡಲಿಲ್ಲ. ಬಿಟ್ಟರೆ ಮುದ್ದೆ ಗಂಟಾಗುತ್ತದೆ.

‘ಬಂದ್ಬುಟ್ರಾ! ತುಂಬುಸ್ತಿದ್ದೆ ಕಣ್ರೀ.’

‘ಏನ್ ತುಂಬುಸ್ತಿದ್ದೆ?’

‘ಕರೆಂಟು. ನಿಮಗೆ ಹತ್ತೋದೇ ಇಲ್ವಲ್ಲ. ನಾನ್ ಒಸಿ ತುಂಬ್ಸಿಟ್ರೆ, ಆಮೇಕೆ ನೀವ್ ಹಾಕ್ಕೊಂಡಾಗ ಒಳಗಿರೋದಕ್ಕೆ ಹೋಯ್ತದೆ ಅಂತ. ನಲ್ಲಿ ಬಂದಾಗ ಡ್ರಮ್ಮು ತುಂಬ್ಸಿಡಲ್ವಾ, ಹಂಗೆ.’

ಎಷ್ಟು ದಿನದಿಂದ ಅಂತ ಕೇಳಿದೆ. ನಾನು ಮೊಳೆಗೆ ಹಾಕಿದಾಗೆಲ್ಲ ಅಂದಳು. ಬಟ್ಟೆ ಒಗೆಯುವಾಗ, ಅಂಗಳ ಗುಡಿಸುವಾಗ, ನೀರು ಹೊರುವಾಗ. ಒಳಗಿನ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಸಹನಾ ಹೇಳಿದ್ದು ಅವಳ ತಲೆಗೆ ಹೋಗಿರಲಿಲ್ಲ. ತನ್ನ ಮೈಯ ಕಸುವನ್ನು ಗುಟ್ಟಾಗಿ ಅದರಲ್ಲಿ ಕೂಡಿಟ್ಟು ನನಗೆ ಉಡಿಸುತ್ತಿದ್ದೇನೆ ಅಂತಲೇ ಅವಳು ನಂಬಿದ್ದಳು.

ಇಂಥ ಕಡೆ ಬರೆಯುವವರು ಕಣ್ಣು ತುಂಬಿ ಬಂತು ಅಂತ ಬರೆಯುತ್ತಾರೆ. ನನಗೆ ಬರಲಿಲ್ಲ. ಆ ದೀಪವೊಂದೇ ಕಾಣುತ್ತಿತ್ತು ನನಗೆ. ನನ್ನ ಮೈಮೇಲೆ ಸತ್ತಂತೆ ಬಿದ್ದಿದ್ದು, ಇವಳು ಮುದ್ದೆ ತಿರುವಿದರೆ ಹೀಗೆ ಉರಿಯಬೇಕೇ! ಇವಳಿಗೆ ಕರೆಂಟು ಯಾಕೆ ಬೇಕು? ಇವಳ ಹೃದಯ ಯಾರ ಹಂಗೂ ಇಲ್ಲದೆ ಬಡಿದುಕೊಳ್ಳುತ್ತಿದೆ. ಬೇಕಾದವನಿಗೆ ಇಲ್ಲದ್ದು ಬೇಡದವಳಿಗೆ ತುಂಬಿ ತುಳುಕುತ್ತಿತ್ತು. ಶಿವಣ್ಣ, ಮಂಜ ಎಲ್ಲರ ಮೇಲಿದ್ದ ಹೊಟ್ಟೆಯುರಿ ಒಟ್ಟಾಗಿ ಅವಳ ಮೇಲೆ ತಿರುಗಿತು.

‘ಬಿಚ್ಚೇ ಅದನ್ನ. ನನಗೆ ಕೊಟ್ಟಿರೋದು ಅದು.’

‘ಮುದ್ದೆ ಕಟ್ಟಿ ಬಿಚ್ತೀನಿ ತಡೀರಿ.’

‘ಈಗ್ಲೇ ಬಿಚ್ಚು ಅಂದೆ!’

ಅವಳು ಕೋಲನ್ನು ಪಾತ್ರೆಯಲ್ಲೇ ನೆಟ್ಟು ನನ್ನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವಳ ಆ ಮುಖ ನಾನು ನೋಡಿರಲಿಲ್ಲ.

‘ನಿಮ್ ಕೈ ನೀವೇ ಕಟ್ಟಾಕೊಂಡು ಕುಂತ್ರೆ ದೀಪ ಎಲ್ಲಿಂದ ಹತ್ತೀತು? ಬಾರಿಸ್ಬೇಡಿ ಅಂತ ಯಾವ್ ಡಾಕ್ಟ್ರು ಯಾವತ್ತು ಹೇಳಿದ್ರು? ಪಕ್ಕದಲ್ಲೇ ಕುಂತಿದ್ದೆ ನಾನು. ಊರೋರ ಮುಂದೆ ನಿಮ್ ಮಾತು ತೆಗೆದಾಕಬಾರ್ದು ಅಂತ ಬಾಯ್ ಮುಚ್ಕೊಂಡಿದ್ದೆ, ಅಷ್ಟೇಯ.’

ನಡುವಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೆಚ್ಚಗಿತ್ತು. ದೀಪ ಆರಿತ್ತು. ಮುದ್ದೆ ಆವತ್ತು ಗಂಟಾಗಿತ್ತು, ಇಬ್ಬರೂ ಹಾಗೇ ನುಂಗಿದೆವು.

ಸಹನಾಳಿಗೆ ನಿಜ ಹೇಳಲೇಬೇಕಾಯಿತು. ಇಲ್ಲದಿದ್ದರೆ ಗೌರಮ್ಮನ ದುಡಿಮೆಯೆಲ್ಲ ನನ್ನ ಹೆಸರಿಗೆ ಸೇರಿಬಿಡುತ್ತಿತ್ತು. ಇಬ್ಬರೂ ಗುಬ್ಬಿಯಿಂದ ರೈಲಿನಲ್ಲಿ ತುಮಕೂರಿಗೆ ಹೋದೆವು. ಹುಡುಗಿ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಗೌರಮ್ಮನ ಎರಡೂ ಕೈ ಹಿಡಿದುಕೊಂಡು ನಕ್ಕಳು.

‘ಆಂಟಿ, ಸೂಪರ್ ನೀವು! ನಮಗೆ ಪೇಸ್‌ಮೇಕರ್ ಇಲ್ಲದವರದ್ದೂ ಬೇಕಿತ್ತು, ಹೋಲಿಸಿ ನೋಡೋಕೆ. ನಿಮಗೇ ಒಂದು ಕೊಡ್ತೀನಿ, ಹಾಕ್ಕೊಳ್ತೀರಾ? ಮುದ್ದೆ ತೊಳಸೋದನ್ನ ವಿಡಿಯೋ ಕೂಡ ಮಾಡ್ಬೇಕು.’

ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಿದ್ದೆ. ಅದರಲ್ಲಿ ಏನೂ ಇಂಟರೆಸ್ಟಿಂಗ್ ಇರಲಿಲ್ಲ.

ಹೊರಡುವ ಮುಂಚೆ ಸಹನಾಳನ್ನು ಪಕ್ಕಕ್ಕೆ ಕರೆದು ಕೇಳಿದೆ. ‘ನನ್ನ ಬ್ಯಾಟರಿ ಮುಗಿಯೋದ್ರೊಳಗೆ ಇದು ಬರತ್ತಾ ಮಗಳೇ?’

‘ಸುಳ್ಳು ಹೇಳಲ್ಲ ಅಂಕಲ್. ನನಗೆ ಗೊತ್ತಿಲ್ಲ.’

ಆಸ್ಪತ್ರೆಯಲ್ಲಿ ಎಲ್ಲರೂ ಬೆನ್ನು ತಟ್ಟಿ ಏನೇನೋ ಹೇಳಿದ್ದಾರೆ. ಈ ಹುಡುಗಿಯ ‘ಗೊತ್ತಿಲ್ಲ’ ಅನ್ನುವುದು ನನಗೆ ಅವೆಲ್ಲಕ್ಕಿಂತ ಹಿತವಾಗಿ ಕೇಳಿಸಿತು. ಆದರೆ ವಾಪಸ್ ಬರುವಾಗ ರೈಲಿನ ಕುಲುಕಾಟಕ್ಕೆ ಗೌರಮ್ಮನ ಹೊಸ ದೀಪ ಮಿನುಗುತ್ತಿತ್ತು. ಎದುರು ಕೂತಿದ್ದ ಹೆಂಗಸು ಏನದು ಅಂತ ಕೇಳಿದಾಗ, ‘ಹಾರ್ಟಿಂದು ರೀಸರ್ಚು ಕಣವ್ವ’ ಅಂತ ನನ್ನ ಹೆಂಡತಿ ಗತ್ತಿನಿಂದ ಹೇಳಿದಳು. ಖಾಯಿಲೆ ನನ್ನದು, ರೀಸರ್ಚು ಅವಳದ್ದು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಈ ನಡುವೆ ರಾಗಿ ಕೊಯ್ಲು ಮುಗಿದಿತ್ತು. ಕೆಂಪರಾಜಣ್ಣ ಫೋನ್ ಮಾಡಿದರು.

‘ಮೇಷ್ಟ್ರೇ, ಸೋಮವಾರದಿಂದ ಪ್ರಾಕ್ಟೀಸು. ನಮಗೆ ನೀವೇ ಬೇಕು. ಆಗಲ್ಲ ಅಂದ್ರೆ ಹೇಳ್ಬುಡಿ, ಮಂಜಂಗೆ ವೀಳ್ಯ ಕೊಟ್ಟು ಒಪ್ಪಿಸ್ಬುಡ್ತೀವಿ. ಎರಡು ವರ್ಷ ಆತು ಅಂದ್ರೆ ಆಮೇಲೆ ಅವ್ನೇ ಖಾಯಂ. ಜನ ಹಂಗೆ, ನಿಮಗೇ ಗೊತ್ತಲ್ಲ.’

‘ಸಂಜೆ ಮಾಡಿ ಕೆಂಪರಾಜಣ್ಣ, ಹೇಳ್ತೀನಿ’ ಅಂದೆ.

ಮಧ್ಯಾಹ್ನವೆಲ್ಲ ಹಾರ್ಮೋನಿಯಂ ಪೆಟ್ಟಿಗೆಯ ಸುತ್ತ ತಿರುಗಿದೆ. ಕೊನೆಗೆ ಮುಚ್ಚಳ ತೆಗೆದು, ನಡುವಂಗಿ ಹಾಕಿಕೊಂಡು ಚಾಪೆಯ ಮೇಲೆ ಕೂತೆ. ಬಲಗೈ ಮನೆಗಳ ಮೇಲಿಟ್ಟೆ. ಎಡಗೈ ತೊಡೆಯ ಮೇಲೇ ಇತ್ತು. ತನ್ನ ನಡುವಂಗಿ ಹಾಕಿಕೊಂಡೇ ಕೆಲಸ ಮಾಡುತ್ತಿದ್ದ ಗೌರಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

‘ನಾನ್ ಒತ್ಲಾ?’

‘ಹೂಂ, ಒತ್ತು.’

ಅವಳು ಪೆಟ್ಟಿಗೆಯ ಆ ಕಡೆ ನನಗೆ ಎದುರಾಗಿ ಕೂತು ತಿದಿ ಹಿಡಿದಳು. ಹಿಟ್ಟಿನ ಕೋಲು ಹಿಡಿಯುವ ಹಾಗೇ ಹಿಡಿದಳು. ಒಂದು ಸಲ ಒತ್ತಿದ್ದೇ ತಡ, ಪೆಟ್ಟಿಗೆ ಕೂಗಿಕೊಂಡಿತು. ನಾನು ಬೆರಳಾಡಿಸಿದೆ. ಆವತ್ತು ಪ್ರಾಕ್ಟೀಸಿನಲ್ಲಿ ನಡುವೆ ನಿಂತುಹೋದ ಹಾಡನ್ನೇ ತೆಗೆದುಕೊಂಡೆ. ಸ್ವರ ನನ್ನದು, ಉಸಿರು ಅವಳದು. ನಾನು ಮೆಲ್ಲಗೆ ಹೋಗಬೇಕೆಂದಲ್ಲಿ ಗಾಳಿ ನುಗ್ಗುತ್ತಿತ್ತು, ಎಳೆಯಬೇಕೆಂದಲ್ಲಿ ಸೋರಿಹೋಗುತ್ತಿತ್ತು. ಅವಳ ಕುತ್ತಿಗೆಯ ಬುಡದಲ್ಲಿ ಆ ಹಸಿರು ದೀಪ ನನ್ನ ಕಣ್ಣಿಗೇ ಚುಚ್ಚುವಂತೆ ಉರಿಯುತ್ತಿತ್ತು. ನನ್ನ ಪೆಟ್ಟಿಗೆ, ನನ್ನ ಹಾಡು. ಅದಕ್ಕೂ ಇವಳದೇ ಉಸಿರು ಬೇಕೇ?

ತಡೆಯಲಾಗಲಿಲ್ಲ.

‘ಬುಡೇ ಕೈನ! ಮುದ್ದೆ ಅಲ್ಲ ಇದು!’

ಅಂದವನೇ ಅವಳ ಕೈಯನ್ನು ಆಚೆ ತಳ್ಳಿ ತಿದಿ ಹಿಡಿದುಕೊಂಡೆ. ಹಿಡಿದ ಮೇಲೆ ಗೊತ್ತಾಯಿತು, ಅದು ನನ್ನ ಎಡಗೈ ಅಂತ.

ಬಿಟ್ಟರೆ ಮತ್ತೆ ಅವಳ ಕೈ ಬರುತ್ತದೆ ಅನ್ನಿಸಿತು. ಒತ್ತಿದೆ. ಭುಜದ ಕೀಲು ಕಿರ್ರೆಂದಿತು, ನೋವಿಗೆ ಕಣ್ಣಲ್ಲಿ ನೀರು ಬಂತು. ತಂತಿ ಕಿತ್ತು ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಎದೆಯೊಳಗಿನ ಯಂತ್ರ ತನ್ನ ಪಾಡಿಗೆ ತಾನು ಬಡಿತ ಎಬ್ಬಿಸುತ್ತಲೇ ಇತ್ತು. ನಾನು ಬದುಕಿಯೇ ಇದ್ದೆ. ಸಣ್ಣಗೆ, ನಡುಗುತ್ತಾ, ಕೆಮ್ಮುವವನಂತೆ ಪೆಟ್ಟಿಗೆ ಉಸಿರೆಳೆದುಕೊಂಡಿತು. ಹಾಡಿನ ಮುಂದಿನ ಸಾಲು ತಾನಾಗಿಯೇ ಬಂತು.

ಅಷ್ಟರಲ್ಲಿ ಫೋನ್ ರಿಂಗಾಯಿತು. ನನ್ನ ಎರಡೂ ಕೈಗೆ ಬಿಡುವಿರಲಿಲ್ಲ. ಗೌರಮ್ಮ ಎದ್ದು ಹೋಗಿ ತೆಗೆದುಕೊಂಡಳು.

‘ಮೇಷ್ಟ್ರು ಬಾರಿಸ್ತಾವ್ರೆ ಕೆಂಪರಾಜಣ್ಣ. ಹೂಂ, ಅವ್ರೇ. ಎರಡ್ ಕೈಯಲ್ಲೂ. ಕೇಳಿ ಬೇಕಾದ್ರೆ’ ಅಂತ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. ಆ ಕಡೆಯಿಂದ ಕೆಂಪರಾಜಣ್ಣನ ದೊಡ್ಡ ಗಂಟಲು ಕೇಳಿಸಿತು. ಅವರು ಹಾಡು ಶುರುಮಾಡಿಬಿಟ್ಟಿದ್ದರು. ಅಪಸ್ವರದಲ್ಲೇ. ನಾನು ತಿದಿ ಬಿಡಲಿಲ್ಲ.

ಹಾಡು ಮುಗಿಯುವ ಹೊತ್ತಿಗೆ ಬೆವರು ಇಳಿಯುತ್ತಿತ್ತು. ಗೌರಮ್ಮ ಫೋನಿಟ್ಟು ಮತ್ತೆ ನನ್ನೆದುರು ಕೂತಿದ್ದಳು. ಆಗ ನನಗೆ ದೀಪದ ನೆನಪಾಯಿತು. ಕನ್ನಡಿಯ ಹತ್ತಿರ ಹೋಗಬೇಕೆಂದರೆ ಕೈ ನಿಲ್ಲಿಸಬೇಕು. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರುತ್ತದೋ ಇಲ್ಲವೋ.

‘ಹತ್ತಿದೆಯೇನೇ?’ ಅಂದೆ.

ಅವಳು ನನ್ನ ಕುತ್ತಿಗೆಯ ಬುಡವನ್ನೇ ನೋಡಿದಳು.

‘ಹತ್ತೈತೆ.’

‘ನಿಜವಾಗ್ಲೂ?’

‘ಹೂಂ ಕಣ್ರೀ. ನೀವ್ ಬಾರ್ಸಿ.’

ನಿಜವೋ, ನನ್ನ ಕೈ ನಿಲ್ಲಬಾರದು ಅಂತ ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಷ್ಟು ಸಲ ಕೇಳಿದರೂ ಹತ್ತಿತ್ತು ಅನ್ನುತ್ತಾಳೆ. ಆ ಸಂಜೆ ನನ್ನ ಮೈಮೇಲೆ ದೀಪ ಉರಿದಿದ್ದರೆ ಅದನ್ನು ಕಣ್ಣಾರೆ ನೋಡಿದವಳು ಅವಳೊಬ್ಬಳೇ. ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು.